ಈಸ್ಟರ್ ಕೋಷ್ಟಕದಿಂದ ಬಂದ ಇಸವಿ: ಒಂದು ಅಧ್ಯಯನ ಟಿಪ್ಪಣಿ

ಗ್ರೀಕರೂ ರೋಮನ್ನರೂ ಕಾಲವನ್ನು ಚಕ್ರವೆಂದು ಬಗೆದಿದ್ದರು, ಕ್ರೈಸ್ತರು ಅದನ್ನು ನೇರ ರೇಖೆಯಾಗಿಸಿದರು ಎಂಬ ಮಾತು ಪರೀಕ್ಷೆಯ ಉತ್ತರಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಅದು ಪೂರ್ತಿ ಸುಳ್ಳಲ್ಲ. ಅಥೆನ್ಸಿನಲ್ಲಿ ಪಾಠ ಹೇಳಿದ ಪ್ಲೇಟೋ ಯುಗಗಳು ಉರುಳಿದ ಮೇಲೆ ಅದೇ ಊರಿನಲ್ಲಿ ಅದೇ ಶಿಷ್ಯರಿಗೆ ಮತ್ತೆ ಪಾಠ ಹೇಳುತ್ತಾನೆ ಎಂಬಂಥ ವಾದವನ್ನು ಕ್ರೈಸ್ತ ಚಿಂತಕ ಅಗಸ್ಟೀನನು ‘ದೇವನಗರ’ದ ಹನ್ನೆರಡನೆಯ ಭಾಗದಲ್ಲಿ ತಳ್ಳಿಹಾಕುತ್ತಾನೆ; ಕ್ರಿಸ್ತನು ಸತ್ತದ್ದು ಒಂದೇ ಸಲ ಎಂಬುದು ಅವನ ಉತ್ತರ. ಆದರೆ ನಗರ ಸ್ಥಾಪನೆಯಿಂದ ಮೊದಲುಮಾಡಿ ವರ್ಷಾನುಕ್ರಮವಾಗಿ ಇತಿಹಾಸ ಬರೆದ ಲಿವಿ ರೋಮನ್ನನೇ ಆಗಿದ್ದ. ಇತ್ತ ಕ್ರೈಸ್ತರಿಗೆ ಚಕ್ರವಿಲ್ಲದೆ ತಮ್ಮ ಮುಖ್ಯ ಹಬ್ಬದ ದಿನವೇ ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ಬದಲಾವಣೆಯನ್ನು ತತ್ತ್ವಚರ್ಚೆಗಿಂತ ಲೆಕ್ಕದ ಹಾಳೆಯಲ್ಲಿ ಹುಡುಕುವುದು ಮೇಲು.

ವಸಂತ ವಿಷುವದ ನಂತರದ ಹುಣ್ಣಿಮೆ ಕಳೆದು ಬರುವ ಭಾನುವಾರವೇ ಈಸ್ಟರ್. ಎಲ್ಲ ಕ್ರೈಸ್ತ ಸಭೆಗಳೂ (ಚರ್ಚುಗಳೂ) ಅದನ್ನು ಒಂದೇ ದಿನ ಆಚರಿಸಬೇಕೆಂದು ಬಿಷಪ್ಪರು ಕೂಡಿದ 325ರ ನೈಸಿಯಾ ಪರಿಷತ್ತು ಬಯಸಿತು. ಈಜಿಪ್ಟಿನ ಅಲೆಕ್ಸಾಂಡ್ರಿಯಾದವರು ಇದಕ್ಕಾಗಿ 19 ವರ್ಷಗಳ ಆವರ್ತವನ್ನು ಬಳಸುತ್ತಿದ್ದರು: ಅಷ್ಟು ಸೌರವರ್ಷಗಳಿಗೆ 235 ಚಾಂದ್ರಮಾಸಗಳು ಸರಿಹೋಗುತ್ತವೆ, ಅಂದರೆ 228ರ ಮೇಲೆ ಏಳು ಅಧಿಕಮಾಸಗಳು. (ನಮ್ಮ ಪಂಚಾಂಗ ಬಲ್ಲವರಿಗೆ ಇದು ಹೊಸದೆನಿಸದು.)

ಅವರ ಕೋಷ್ಟಕಗಳಲ್ಲಿ ವರ್ಷದ ಎಣಿಕೆ ಸಾಗುತ್ತಿದ್ದದ್ದು ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಪಟ್ಟಕ್ಕೆ ಬಂದ 284ರಿಂದ. ಹಳೆಯ ಕೋಷ್ಟಕ ಮುಗಿಯುತ್ತ ಬಂದಾಗ, ರೋಮಿನಲ್ಲಿದ್ದ ಡಯೊನಿಸಿಯಸ್ ಎಕ್ಸಿಗುಯಸ್ ಎಂಬ ಸಂನ್ಯಾಸಿ 525ರಲ್ಲಿ ಮುಂದಿನ 95 ವರ್ಷಗಳಿಗೆ ಹೊಸದನ್ನು ಸಿದ್ಧಪಡಿಸಿದ. ಮೊದಲ ಸಾಲಿನಲ್ಲಿ ‘ಡಯೋಕ್ಲೀಷಿಯನ್ 248’ ಎಂದು ಇರಬೇಕಾದ ಜಾಗದಲ್ಲಿ ಅವನು 532 ಎಂದು ಬರೆದ; ಕ್ರೈಸ್ತರನ್ನು ಹಿಂಸಿಸಿದವನ ನೆನಪನ್ನು ತನ್ನ ಆವರ್ತಗಳಿಗೆ ಅಂಟಿಸಲು ಇಷ್ಟವಿಲ್ಲದೆ ಕ್ರಿಸ್ತನ ಅವತಾರದಿಂದ ಎಣಿಸಿದೆನೆಂದು ಕಾರಣವನ್ನೂ ಕೊಟ್ಟ. ನಾವು ಬರೆಯುವ ‘ಕ್ರಿ.ಶ.’ದ ಮೂಲ ಈ ಒಂದು ಕಂಬಸಾಲು.

ಇಲ್ಲಿ ಅವಸರದ ತೀರ್ಮಾನ ಬೇಡ. ಹೊಸ ಶಕೆಯೊಂದನ್ನು ಸ್ಥಾಪಿಸುವ ಇರಾದೆ ಅವನಿಗಿದ್ದಂತೆ ತೋರುವುದಿಲ್ಲ. ತಾನು ಬರೆಯುತ್ತಿದ್ದ ವರ್ಷವನ್ನು ಗುರುತಿಸಲು ಅವನೂ ರೋಮನ್ನರ ರೂಢಿಯಂತೆ, ಪ್ರೋಬಸ್ ಕಾನ್ಸಲ್ (ವರ್ಷಕ್ಕೆ ಹೆಸರು ಕೊಡುತ್ತಿದ್ದ ಉನ್ನತ ಅಧಿಕಾರಿ) ಆಗಿದ್ದ ವರ್ಷವೆಂದೇ ಹೇಳುತ್ತಾನೆ. 537ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ದಸ್ತಾವೇಜುಗಳ ತಾರೀಕಿನ ನಿಯಮವನ್ನು ಬದಲಿಸಿದಾಗಲೂ ಮುಂದೆ ತಂದದ್ದು ತನ್ನ ಆಳ್ವಿಕೆಯ ವರ್ಷವನ್ನೇ ಹೊರತು ಕ್ರಿಸ್ತನ ವರ್ಷವನ್ನಲ್ಲ. ಕ್ರಿಸ್ತವರ್ಷವನ್ನು ಇತಿಹಾಸ ಬರವಣಿಗೆಯಲ್ಲಿ ಕ್ರಮವಾಗಿ ಬಳಸಿ ಅದಕ್ಕೆ ಚಲಾವಣೆ ತಂದವನು ಇಂಗ್ಲೆಂಡಿನ ಸಂನ್ಯಾಸಿ ಬೀಡ್, ಅದೂ 731ರಲ್ಲಿ. ಈಜಿಪ್ಟಿನ ಕಾಪ್ಟಿಕ್ ಸಭೆಯಂತೂ 284ರ ಎಣಿಕೆಯನ್ನು ಇಂದಿಗೂ ಬಿಟ್ಟಿಲ್ಲ; ಅಂಕಿಗಳನ್ನು ಹಾಗೆಯೇ ಉಳಿಸಿಕೊಂಡು ಅದನ್ನು ಹುತಾತ್ಮರ ಶಕೆ ಎಂದು ಕರೆಯುತ್ತದೆ.