35 ಸಾವಿರ ಅಡಿ ಮೇಲೆ ಉಪ್ಪು ಎಲ್ಲಿ ಹೋಗುತ್ತದೆ?

ಬೆಂಗಳೂರಿನಿಂದ ದೆಹಲಿಗೆ ಬೆಳಗಿನ ಆರು ಗಂಟೆಯ ವಿಮಾನ. ಮನೆಯಲ್ಲಿ ಎದ್ದಿದ್ದು ಎರಡೂವರೆಗೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಗಗನಸಖಿ ಕಾಗದದ ಲೋಟದಲ್ಲಿದ್ದ ಉಪ್ಪಿಟ್ಟಿನ ಪುಡಿಗೆ ಬಿಸಿನೀರು ಸುರಿದರು. ಮುಚ್ಚಳ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ ಎಂದು ಕೊಟ್ಟರು. ನನಗೆಲ್ಲಿ ತಾಳ್ಮೆ? ಎರಡೇ ನಿಮಿಷಕ್ಕೆ ತೆಗೆದೆ. ರವೆ ಹಲ್ಲಿಗೆ ಸಿಗುತ್ತಿತ್ತು. ಮೇಲೆ ನೀರು ನಿಂತಿತ್ತು. ಉಪ್ಪಂತೂ ಇಲ್ಲವೇ ಇಲ್ಲ. ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಬಸವನಗುಡಿಯಲ್ಲಿ ಇಬ್ಬರು ತಿಂಡಿ ತಿಂದು ಕಾಫಿ ಕುಡಿದು ಬರಬಹುದಿತ್ತು.

ಸಿಟ್ಟಿನಲ್ಲಿ ಲೋಟದ ಮೇಲಿನ ಸಣ್ಣ ಅಕ್ಷರಗಳನ್ನು ಓದಿದೆ. ಉಪ್ಪು ಇತ್ತು. ಮನೆಯಲ್ಲಿ ಹಾಕುವುದಕ್ಕಿಂತ ಜಾಸ್ತಿಯೇ ಇತ್ತು. ಹಾಗಾದರೆ ಎಲ್ಲಿ ಹೋಯಿತು?

ಮೊದಲು ನೀರಿನ ವಿಷಯ ನೋಡೋಣ. ವಿಮಾನ 35 ಸಾವಿರ ಅಡಿ ಎತ್ತರದಲ್ಲಿ ಹಾರುತ್ತಿದ್ದರೂ ಒಳಗಿನ ಗಾಳಿ ಅಷ್ಟು ತೆಳ್ಳಗಿರುವುದಿಲ್ಲ. ಇದ್ದರೆ ನಾವು ಎಚ್ಚರ ತಪ್ಪಿ ಬೀಳುತ್ತಿದ್ದೆವು. ಒಳಗೆ ಗಾಳಿ ತುಂಬಿ ಒತ್ತಡ ಏರಿಸಿರುತ್ತಾರೆ. ಆದರೆ ನೆಲದ ಮಟ್ಟದಷ್ಟು ಏರಿಸುವುದಿಲ್ಲ. ಹಾಗೆ ಮಾಡಿದರೆ ವಿಮಾನದ ಒಡಲು ಇನ್ನೂ ಗಟ್ಟಿ, ಇನ್ನೂ ಭಾರ ಆಗಬೇಕಾಗುತ್ತದೆ. ಹಾಗಾಗಿ ಸಮುದ್ರಮಟ್ಟದಿಂದ 6ರಿಂದ 8 ಸಾವಿರ ಅಡಿ ಎತ್ತರದಲ್ಲಿ ಎಷ್ಟು ಒತ್ತಡ ಇರುತ್ತದೋ ಅಷ್ಟಕ್ಕೇ ನಿಲ್ಲಿಸುತ್ತಾರೆ. ನಮ್ಮ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ. ಊಟಿ 7,300 ಅಡಿಗಿಂತ ಸ್ವಲ್ಪ ಮೇಲೆ. ಅಂದರೆ ಎಕಾನಮಿ ಸೀಟಿನಲ್ಲಿ ಕೂತವರು ಲೆಕ್ಕಕ್ಕೆ ಒಂದು ಬೆಟ್ಟದ ತುದಿಯಲ್ಲಿ ಕೂತಿದ್ದಾರೆ.

ಬೆಟ್ಟ ಹತ್ತಿದಷ್ಟೂ ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಸಿ ಒಂದು ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿ, ಬೆಂಗಳೂರಿನಲ್ಲಿ 97ರ ಆಸುಪಾಸು, 8 ಸಾವಿರ ಅಡಿಯಲ್ಲಿ 92. ಅದಕ್ಕಿಂತ ಬಿಸಿ ಮಾಡಲು ಹೊರಟರೆ ನೀರು ಆವಿಯಾಗಿ ಹೋಗುತ್ತದೆ, ಅಷ್ಟೇ. ವಿಮಾನದ ಬಾಯ್ಲರಿನ ನೀರು ಅಷ್ಟೂ ಬಿಸಿ ಇರುವುದಿಲ್ಲ. ರವೆ ಬೇಯಲು ಅಂಥ ನೀರಿನಲ್ಲಿ ಜಾಸ್ತಿ ಹೊತ್ತು ನೆನೆಯಬೇಕು. ನನ್ನ ಅರೆಬೆಂದ ಉಪ್ಪಿಟ್ಟಿಗೆ ಅರ್ಧ ಕಾರಣ ನಾನೇ.

ಚಹಾದ ಕಥೆಯೂ ಇದೇ. ನಮ್ಮ ಚಹಾ ಅಂದರೆ ಹಾಲು, ಸೊಪ್ಪು, ಶುಂಠಿ ಎಲ್ಲ ಸೇರಿ ಒಲೆಯ ಮೇಲೆ ಉಕ್ಕಿ ಬರಬೇಕು. ವಿಮಾನದಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ. ಉಳಿದದ್ದು ಬೆಚ್ಚಗಿನ ನೀರಿನಲ್ಲಿ ಅದ್ದಿದ ಚೀಲ. ಕಾಫಿಗೆ ಮಾತ್ರ ಈ ನೆಪ ನಡೆಯುವುದಿಲ್ಲ. ಡಿಕಾಕ್ಷನ್ ಇಳಿಯಲು ನೀರು ಕುದಿಯಲೇಬೇಕೆಂದಿಲ್ಲ. ಅಲ್ಲಿ ಕಾಫಿ ಕೆಟ್ಟಿರುವುದು ಪುಡಿಯ ದೆಸೆಯಿಂದ, ಬೆಟ್ಟದ ದೆಸೆಯಿಂದಲ್ಲ.

ಉಪ್ಪಿನ ವಿಷಯಕ್ಕೆ ಬರೋಣ. ಇದರಲ್ಲಿ ನಾಲಿಗೆಗಿಂತ ಮೂಗಿನ ಪಾಲು ದೊಡ್ಡದು. ನೆಗಡಿ ಆದಾಗ ಮನೆಯ ಸಾರೂ ಸಪ್ಪೆ ಅನ್ನಿಸುತ್ತದೆ, ಅಲ್ವಾ? ನಾವು ರುಚಿ ಅಂದುಕೊಳ್ಳುವುದರಲ್ಲಿ ಬಹುಪಾಲು ವಾಸನೆಯೇ. ಅಗಿಯುವಾಗ ಆಹಾರದ ಪರಿಮಳ ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತದೆ. ಅದನ್ನು ಹಿಡಿಯಬೇಕಾದರೆ ಮೂಗಿನ ಒಳಪದರ ಒದ್ದೆಯಾಗಿರಬೇಕು. ವಿಮಾನದ ಹೊರಗಿನ ಗಾಳಿ ಸೊನ್ನೆಗಿಂತ 50 ಡಿಗ್ರಿ ಕೆಳಗೆ. ಅದರಲ್ಲಿ ನೀರಿನ ಪಸೆ ಇಲ್ಲವೆಂದರೂ ನಡೆಯುತ್ತದೆ. ಆ ಗಾಳಿಯನ್ನೇ ಒತ್ತಿ, ಹದ ಮಾಡಿ ಒಳಗೆ ಬಿಡುತ್ತಾರೆ. ಕೆಲವೇ ನಿಮಿಷಗಳಿಗೊಮ್ಮೆ ಒಳಗಿನ ಗಾಳಿ ಬದಲಾಗುತ್ತಿರುತ್ತದೆ. ಹಾಗಾಗಿ ತೇವಾಂಶ ಶೇಕಡಾ 20ರ ಆಸುಪಾಸಿಗೆ ಬರುತ್ತದೆ, ಕೆಲವೊಮ್ಮೆ ಇನ್ನೂ ಕೆಳಗೆ. ಎತ್ತರ ಮುಳ್ಳಯ್ಯನಗಿರಿಯದು, ಒಣಹವೆ ಕಲಬುರಗಿಯ ಏಪ್ರಿಲ್ ಮಧ್ಯಾಹ್ನದ್ದು. ಮೂಗು ಒಣಗುತ್ತದೆ. ನೆಗಡಿ ಇಲ್ಲದೆಯೂ ನೆಗಡಿಯ ನಾಲಿಗೆ.

ಜರ್ಮನಿಯಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಲುಫ್ತಾನ್ಸಾ ಕಂಪನಿ ಕೇಳಿಕೊಂಡಿತೆಂದು ಹೋಲ್ಜ್‌ಕಿರ್ಖೆನ್‌ನ ಫ್ರೌನ್‌ಹೋಫರ್ ಸಂಸ್ಥೆಯವರು ಹಳೆಯ ಏರ್‌ಬಸ್ ಎ310 ವಿಮಾನದ ಒಡಲಿನ ಒಂದು ತುಂಡನ್ನು ಒತ್ತಡ ಇಳಿಸುವ ಕೊಳವೆಯೊಳಗೆ ಇಟ್ಟರು. ಒಳಗೆ ಸೀಟು, ಎಂಜಿನ್ ಸದ್ದು, ಒಣಗಾಳಿ ಎಲ್ಲವೂ ಇತ್ತು. ಹಾರುವುದೊಂದು ಇರಲಿಲ್ಲ. ಜನರನ್ನು ಕೂರಿಸಿ ಊಟ ಕೊಟ್ಟರು. 2010ರ ಹೊತ್ತಿಗೆ ಬಂದ ಉತ್ತರ ಇದು: ಉಪ್ಪು ಮತ್ತು ಸಿಹಿ ಸುಮಾರು ಶೇಕಡಾ 30ರವರೆಗೆ ಕಡಿಮೆ ಅನ್ನಿಸುತ್ತದೆ. ಹುಳಿ, ಕಹಿ ಅಷ್ಟಾಗಿ ಬದಲಾಗುವುದಿಲ್ಲ. ಏಲಕ್ಕಿಯಂಥ ಮಸಾಲೆಗಳೂ ಚೆನ್ನಾಗಿಯೇ ನಿಲ್ಲುತ್ತವೆ.

ಇದೆಲ್ಲ ಶುರುವಾಗಿದ್ದು ಟೊಮೆಟೊ ರಸದಿಂದ. ನೆಲದ ಮೇಲೆ ಅದನ್ನು ಮುಟ್ಟದವರೂ ವಿಮಾನದಲ್ಲಿ ಕೇಳಿ ಕುಡಿಯುತ್ತಿದ್ದರು. ಲುಫ್ತಾನ್ಸಾದ ಲೆಕ್ಕದಲ್ಲಿ ವರ್ಷಕ್ಕೆ 17 ಲಕ್ಷ ಲೀಟರ್, ಹೆಚ್ಚುಕಡಿಮೆ ಬಿಯರಿನಷ್ಟೇ. ಜರ್ಮನರಿಗೆ ಇದು ಒಗಟಾಗದೆ ಇನ್ನೇನು?

ಇಲ್ಲಿ ಕಿವಿಯೂ ಕೈ ಹಾಕುತ್ತದೆ. ಹಾರುವ ವಿಮಾನದೊಳಗಿನ ಸದ್ದು 80ರಿಂದ 85 ಡೆಸಿಬೆಲ್. ಹಿಟ್ಟಿನ ಗಿರಣಿಯಲ್ಲಿ ಡಬ್ಬಿ ಇಟ್ಟು ಕಾಯುವಾಗ ಕಿವಿಗೆ ಬೀಳುವ ಮೊರೆತ ನೆನಪಿಸಿಕೊಳ್ಳಿ. 2015ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕಿಂಬರ್ಲಿ ಯಾನ್ ಮತ್ತು ರಾಬಿನ್ ಡ್ಯಾಂಡೊ ಜನರಿಗೆ ಹೆಡ್‌ಫೋನ್‌ನಲ್ಲಿ ವಿಮಾನದ ಸದ್ದು ಕೇಳಿಸಿ ರುಚಿ ನೋಡಲು ಕೊಟ್ಟರು. ಸಿಹಿ ಮಂಕಾಯಿತು. ಉಮಾಮಿ ಮಾತ್ರ ಜೋರಾಯಿತು. ಉಮಾಮಿ ಅಂದರೆ ಜಪಾನಿನ ಕಿಕುನೇ ಇಕೆಡ 1908ರಲ್ಲಿ ಗುರುತಿಸಿದ ಐದನೆಯ ರುಚಿ. ನಮ್ಮಲ್ಲಿ ಅದಕ್ಕೆ ಹೆಸರಿಲ್ಲ. ಹಣ್ಣು ಟೊಮೆಟೊ ಹಿಚುಕಿ ಕುದಿಸಿದ ಸಾರಿನ ತಳದಲ್ಲಿ ಹುಳಿಯೂ ಅಲ್ಲದ, ಉಪ್ಪೂ ಅಲ್ಲದ ಒಂದು ತುಂಬುರುಚಿ ಇರುತ್ತದಲ್ಲ, ಅದು.

ಕಿವಿಗೂ ನಾಲಿಗೆಗೂ ಏನು ನಂಟು ಅನ್ನಬೇಡಿ. ನಾಲಿಗೆಯ ಮುಂಭಾಗದಿಂದ ಮಿದುಳಿಗೆ ರುಚಿ ಒಯ್ಯುವ ನರ ದಾರಿಯಲ್ಲಿ ನಡುಗಿವಿಯನ್ನು ಹಾದು, ಕಿವಿತಮಟೆಯ ಬೆನ್ನಿಗೇ ಹೋಗುತ್ತದೆ. ಜೋರು ಸದ್ದು ಅದನ್ನು ಕೆಣಕಬಹುದು ಎಂಬುದು ಆ ಸಂಶೋಧಕರ ಊಹೆ.

ಖಾರದ ದಾರಿ ಬೇರೆ. ಅದು ರುಚಿಯಲ್ಲ, ಉರಿ. ನೋವಿನ ನರಗಳು ಅದನ್ನು ನೋಡಿಕೊಳ್ಳುತ್ತವೆ. ಮೂಗು ಒಣಗಿದರೂ ಮೆಣಸಿನಕಾಯಿ ಬಿಡುವುದಿಲ್ಲ.

ಈಗ ನೆಲಕ್ಕೆ ಇಳಿಯೋಣ. ತಟ್ಟೆಯಲ್ಲಿ ಬರುವ ಬಿಸಿ ಊಟ ವಿಮಾನದಲ್ಲಿ ಬೆಂದದ್ದಲ್ಲ. ನಿಲ್ದಾಣದ ಹತ್ತಿರದ ದೊಡ್ಡ ಅಡುಗೆಮನೆಯಲ್ಲಿ ಗಂಟೆಗಳ ಮೊದಲೇ ಬೇಯಿಸಿ, ಕೂಡಲೇ 5 ಡಿಗ್ರಿಗಿಂತ ಕೆಳಗೆ ತಣಿಸಿ, ತಳ್ಳುಗಾಡಿಗೆ ತುಂಬಿ ಕಳಿಸಿದ್ದು. ಮೇಲೆ ಬಿಸಿಗಾಳಿ ಊದುವ ಓವನ್‌ನಲ್ಲಿ ಸುಮಾರು 20 ನಿಮಿಷ ಕಾಯಿಸುತ್ತಾರೆ. ಇಷ್ಟು ತಣ್ಣಗೆ ಯಾಕಿಡಬೇಕು ಅನ್ನುವವರಿಗೆ 1975ರ ಫೆಬ್ರವರಿಯ ಒಂದು ಘಟನೆ ಹೇಳಬೇಕು. ಟೋಕಿಯೋದಿಂದ ಪ್ಯಾರಿಸ್‌ಗೆ ಹೊರಟಿದ್ದ ಜಪಾನ್ ಏರ್‌ಲೈನ್ಸ್‌ನ ಜಂಬೋ ವಿಮಾನಕ್ಕೆ ಅಲಾಸ್ಕಾದ ಆಂಕರೇಜ್‌ನಲ್ಲಿ ಆಮ್ಲೆಟ್ ತುಂಬಿಸಿದ್ದರು. ಮಾಡಿದ ಅಡುಗೆಯವರೊಬ್ಬರ ಬೆರಳಿನಲ್ಲಿ ಕೀವಾದ ಗಾಯವಿತ್ತು. ತಿಂಡಿ ಗಂಟೆಗಟ್ಟಲೆ ಹೊರಗೇ ಇತ್ತು. ಕೋಪನ್‌ಹೇಗನ್ ಮುಟ್ಟುವ ಹೊತ್ತಿಗೆ ವಿಮಾನದ ತುಂಬ ವಾಂತಿ. 140ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಗಾಯದಿಂದ ಆಮ್ಲೆಟ್ ಸೇರಿದ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಪೈಲಟ್‌ಗಳು ಅದನ್ನು ತಿಂದಿರಲಿಲ್ಲ, ಪುಣ್ಯ.

ತಣ್ಣಗಿಡುವುದು ಪ್ರಾಣ ಉಳಿಸುತ್ತದೆ, ಸರಿ. ಆದರೆ ಅನ್ನವನ್ನು ಕೆಡಿಸುತ್ತದೆ. ಬೆಂದ ಅಕ್ಕಿಯ ಪಿಷ್ಟ ನೀರು ಕುಡಿದು ಮೆತ್ತಗಾಗಿರುತ್ತದೆ. ತಣ್ಣಗಾದರೆ ಅದು ಮತ್ತೆ ಸಾಲುಗಟ್ಟಿ ಬಿಗಿಯಾಗುತ್ತದೆ. ಇದು ಅತಿ ಜೋರಾಗಿ ನಡೆಯುವುದೇ ಫ್ರಿಜ್ಜಿನ ತಂಪಿನಲ್ಲಿ. ರಾತ್ರಿ ಫ್ರಿಜ್ಜಿಗಿಟ್ಟ ಇಡ್ಲಿ ಬೆಳಿಗ್ಗೆ ಹೇಗಿರುತ್ತದೆ ಅಂತ ಗೊತ್ತಲ್ಲ? ಆವಿಯಲ್ಲಿ ಬಿಸಿ ಮಾಡಿದರೆ ಚೇತರಿಸಿಕೊಳ್ಳುತ್ತದೆ. ವಿಮಾನದಲ್ಲಿ ಅದರ ಮೇಲೆ ಒಣ ಬಿಸಿಗಾಳಿ ಊದುತ್ತಾರೆ. ದೋಸೆಯಂತೂ ಚಕ್ಕಳ. ವಡೆ ಮುಚ್ಚಿದ ಹಾಳೆಯೊಳಗೆ ಬೆವತು ಮೆತ್ತಗಾಗುತ್ತದೆ. ಎಲ್ಲ ಊಟದಲ್ಲೂ ಆ ಕೆಂಪು ಗ್ರೇವಿ ಯಾಕೆ ಅಂದರೆ, ಓವನ್‌ನಲ್ಲಿ ಒಣಗದೆ ಉಳಿಯುವುದು ಅದೊಂದೇ. ಟೊಮೆಟೊ ಇರುವುದರಿಂದ ಮೇಲೆ ರುಚಿಯೂ ನಿಲ್ಲುತ್ತದೆ. ಅಷ್ಟಕ್ಕೆ ಆ ಪನೀರನ್ನು ಕ್ಷಮಿಸಿದ್ದೇನೆ.

ನಮ್ಮ ಒಳನಾಡಿನ ಎಕಾನಮಿಯಲ್ಲಿ ಇಷ್ಟೂ ಈಗ ಎಲ್ಲರಿಗೂ ಸಿಗುವುದಿಲ್ಲ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರನ್ನು ನೆಲೆ ಮಾಡಿಕೊಂಡು ಶುರುವಾದಾಗ ಟಿಕೆಟ್ ದರದಿಂದ ಊಟವನ್ನು ಬಿಡಿಸಿ ಹೊರಗಿಟ್ಟಿತು. ಬೇಕಾದವರು ಕೊಂಡು ತಿನ್ನಿ ಎಂಬ ಲೆಕ್ಕ. ಓವನ್, ತಟ್ಟೆ, ಗಾಡಿ ಎಲ್ಲವೂ ಭಾರ, ಭಾರ ಅಂದರೆ ಇಂಧನ. ಊಟ ಇಲ್ಲದಿದ್ದರೆ ಕಸವೂ ಕಡಿಮೆ, ವಿಮಾನ ಅರ್ಧ ಗಂಟೆಯಲ್ಲಿ ಮತ್ತೆ ಹಾರಲು ಸಿದ್ಧ. ಇದನ್ನು ಜಿಪುಣತನ ಅಂತ ಬೈಯುವವರು ಒಂದು ಮಾತು ನೆನಪಿಡಬೇಕು. 1919ರ ಅಕ್ಟೋಬರ್‌ನಲ್ಲಿ ಹ್ಯಾಂಡ್ಲಿ ಪೇಜ್ ಕಂಪನಿ ಲಂಡನ್‌–ಪ್ಯಾರಿಸ್ ವಿಮಾನದಲ್ಲಿ ಕೊಟ್ಟ ಮೊದಲ ಊಟದ ಡಬ್ಬಿಗೂ ಮೂರು ಶಿಲ್ಲಿಂಗ್ ತೆಗೆದುಕೊಂಡಿತ್ತು.

ಇನ್ನು ಗಡಿಯಾರ. ಬೆಂಗಳೂರು–ಮುಂಬೈ ಹಾರಾಟ ಒಂದೂವರೆ ಗಂಟೆ ಅಂದುಕೊಳ್ಳಿ. ಏರುವಾಗ ಇಳಿಯುವಾಗ ಗಾಡಿ ತಳ್ಳುವ ಹಾಗಿಲ್ಲ. ಉಳಿಯುವುದು 45–50 ನಿಮಿಷ. 180 ಸೀಟಿಗೆ ನಾಲ್ವರು ಸಿಬ್ಬಂದಿ, ತಲೆಗೆ 45 ಜನ. ಅಂದರೆ ಒಬ್ಬ ಪ್ರಯಾಣಿಕನಿಗೆ ಒಂದು ನಿಮಿಷ. ಅದರಲ್ಲೇ ಕೇಳಬೇಕು, ಕೊಡಬೇಕು, ಕಾರ್ಡು ಉಜ್ಜಬೇಕು, ಕಸ ಎತ್ತಬೇಕು. ಮಧ್ಯೆ ಒಂದು ಸಲ ವಿಮಾನ ಅಲ್ಲಾಡಿ ಬೆಲ್ಟ್ ದೀಪ ಹೊತ್ತಿತೋ, ಹಿಂದಿನ ಸಾಲಿನವರಿಗೆ ಚಹಾ ಇಲ್ಲ. ಸೇವೆ ಸರಿಯಿಲ್ಲ ಎಂದು ಬರೆಯುವ ದೂರುಗಳಲ್ಲಿ ಎಷ್ಟೋ ಈ ಒಂದು ನಿಮಿಷದ ದೂರುಗಳೇ. ನಗು ಬರಲಿಲ್ಲ ಅಂತ ಬೈಯುವ ಮೊದಲು ಈ ಭಾಗಾಕಾರ ಮಾಡಿ ನೋಡಬೇಕು ಅನ್ನಿಸುತ್ತದೆ. ಹಾಗಂತ ಕಂಪನಿಗಳನ್ನು ಪೂರ್ತಿ ಬಿಟ್ಟುಬಿಡುವ ಹಾಗೂ ಇಲ್ಲ. ರುಚಿ ಮಂಕಾಗುತ್ತದೆ ಎಂದು ಉಪ್ಪು ಸುರಿಯುವುದು ಸುಲಭದ ದಾರಿ. ದಿನಕ್ಕೆ 5 ಗ್ರಾಂ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹುಣಸೆ, ಟೊಮೆಟೊ, ಮೆಣಸು ಹಾಕಿ ಅದೇ ಕೆಲಸ ಮಾಡಬಹುದು.

ಅಂದು ನನ್ನ ಪಕ್ಕದಲ್ಲಿ ಕೂತಿದ್ದವರು ವಿಜಯಪುರದ ಕಡೆಯ ಅಜ್ಜಿ. ದೆಹಲಿಯಲ್ಲಿರುವ ಮಗಳ ಮನೆಗೆ ಹೊರಟಿದ್ದರು. ನನ್ನ ಉಪ್ಪಿಟ್ಟಿನ ಪಾಡು ನೋಡಿ ಅವರು ಕೈಚೀಲದಿಂದ ಬಟ್ಟೆಯ ಗಂಟು ತೆಗೆದರು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಬರೀ ಖಾರದ ಪುಡಿಯಾಗಿದ್ದರೆ ತಪಾಸಣೆಯಲ್ಲಿ ಎತ್ತಿಟ್ಟುಕೊಳ್ಳುತ್ತಿದ್ದರು. ಇದು ಹೇಗೋ ಪಾರಾಗಿತ್ತು.

“ತಗೋರಿ, ನಾಚಕೋಬ್ಯಾಡ್ರಿ. ಎಷ್ಟಂತ ಆ ನೀರು ಕುಡೀತೀರಿ?”

ಆ ಗಂಟಿನಲ್ಲಿ ಇದ್ದದ್ದನ್ನು ನೋಡಿ. ರೊಟ್ಟಿಯಲ್ಲಿ ನೀರಿನ ಪಸೆಯೇ ಇಲ್ಲ. ಬ್ಯಾಕ್ಟೀರಿಯಾ ಬೆಳೆಯಲು ಜಾಗವಿಲ್ಲ, ತಣ್ಣಗಿಡುವ ಗೋಜಿಲ್ಲ, ಬಿಸಿ ಮಾಡುವ ಓವನ್ ಬೇಡ. ಉಳಿದವರ ಬ್ರೆಡ್ಡು ಒಣಗಿ ಹೋಗುವ ಹವೆಯಲ್ಲಿ ಇದು ಇನ್ನಷ್ಟು ಗರಿಗರಿ. ಪುಡಿಯಲ್ಲಿ ಖಾರ, ಹುಣಸೆ, ಬೆಳ್ಳುಳ್ಳಿ. ಮೋಟರು ಗಾಡಿ ಬರುವ ಮೊದಲೇ, ಎತ್ತಿನ ಗಾಡಿಯಲ್ಲಿ ಎರಡು ಮೂರು ದಿನದ ದಾರಿಗೆ ಕಟ್ಟುತ್ತಿದ್ದ ಬುತ್ತಿ ಇದು. ರೊಟ್ಟಿ ಮುರಿದ ಸದ್ದು ಎಂಜಿನ್ ಮೊರೆತದ ನಡುವೆಯೂ ಕೇಳಿಸಿತು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಇಳಿಯುವಾಗ ಅಜ್ಜಿ ಉಳಿದ ಪುಡಿಯನ್ನು ಕಾಗದದಲ್ಲಿ ಕಟ್ಟಿ ನನ್ನ ಕೈಗಿಟ್ಟರು. ಸಂಜೆ ದೆಹಲಿಯ ಕೋಣೆಯಲ್ಲಿ ಬಿಸಿ ಚಪಾತಿ ತರಿಸಿ, ಮೇಲೆ ಅದೇ ಪುಡಿ ಉದುರಿಸಿ ತಿಂದೆ. ಬೆಳಿಗ್ಗೆ ಹದವಾಗಿತ್ತು. ಈಗ ಉಪ್ಪು ಸ್ವಲ್ಪ ಜಾಸ್ತಿ ಅನ್ನಿಸಿತು.