ಕೊಲಿಮಾದ ಕಥೆಗಳು ಚದುರಿಹೋದ ಬಗೆ

ರಷ್ಯನ್ ಲೇಖಕ ವರ್ಲಾಮ್ ಶಲಾಮೊವ್ ಅವರ ಹೆಸರು ಬಂದಲ್ಲೆಲ್ಲ ಎರಡು ಮಾತುಗಳು ಕೇಳಿಬರುತ್ತವೆ. ಸ್ಟಾಲಿನ್ ಕಾಲದ ಶ್ರಮಶಿಬಿರಗಳ ಬಗ್ಗೆ ಅವರಷ್ಟು ನಿಷ್ಠುರವಾಗಿ ಕಥೆ ಬರೆದವರು ವಿರಳ ಎಂಬುದು ಒಂದು. 1972ರಲ್ಲಿ ಆ ಕಥೆಗಳನ್ನು ಅವರೇ ತಳ್ಳಿಹಾಕಿದರು ಎಂಬುದು ಇನ್ನೊಂದು. ಈ ಎರಡನೆಯ ಮಾತನ್ನು ಒಪ್ಪುವ ಮೊದಲು ಆ ಕಥೆಗಳು ಓದುಗರ ಕೈಸೇರಿದ ದಾರಿಯನ್ನು ನೋಡಬೇಕಾಗುತ್ತದೆ.

1907ರಲ್ಲಿ ವೊಲೊಗ್ದಾ ಊರಿನ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಶಲಾಮೊವ್ ಮಾಸ್ಕೋದಲ್ಲಿ ಕಾನೂನು ವಿದ್ಯಾರ್ಥಿಯಾಗಿದ್ದವರು. ಸ್ಟಾಲಿನ್ ಅವರನ್ನು ಹುದ್ದೆಯಿಂದ ಸರಿಸಬೇಕೆಂದು ಲೆನಿನ್ ಬರೆದಿದ್ದ, 'ಲೆನಿನ್ ಉಯಿಲು' ಎಂದು ಹೆಸರಾದ ಪತ್ರವನ್ನು ಅಚ್ಚು ಹಾಕುತ್ತಿದ್ದ ಗುಪ್ತ ಮುದ್ರಣಾಲಯದಲ್ಲಿ 1929ರಲ್ಲಿ ಸಿಕ್ಕಿಬಿದ್ದು ಉರಲ್ ಸೀಮೆಯ ವಿಶೆರಾ ಶಿಬಿರ ಸೇರಿದರು. 1937ರಲ್ಲಿ ಮತ್ತೆ ಬಂಧನವಾಗಿ, ಐದು ವರ್ಷಗಳ ಶಿಕ್ಷೆಯ ಮೇಲೆ ದೂರದ ಈಶಾನ್ಯದ ಕೊಲಿಮಾದ ಚಿನ್ನದ ಗಣಿಗಳಿಗೆ ಹೋದರು. ಅಲ್ಲಿ 1943ರಲ್ಲಿ ಇನ್ನೂ ಹತ್ತು ವರ್ಷ ಸೇರಿಕೊಂಡಿತು. ದೇಶ ಬಿಟ್ಟು ಹೋಗಿದ್ದ ಇವಾನ್ ಬೂನಿನ್ ಅವರನ್ನು ರಷ್ಯನ್ ಸಾಹಿತ್ಯದ ಶ್ರೇಷ್ಠ ಲೇಖಕರೆಂದು ಕರೆದದ್ದೂ ಆಗಿನ ಅಪರಾಧಗಳಲ್ಲೊಂದು. ವೈದ್ಯಸಹಾಯಕರ ತರಬೇತಿ ಸಿಕ್ಕಿದ್ದರಿಂದ ಜೀವ ಉಳಿಯಿತು.

ಕೊಲಿಮಾದಿಂದ ಮರಳಿದ ಮೇಲೆ, 1954ರಿಂದ ಸುಮಾರು ಇಪ್ಪತ್ತು ವರ್ಷ ಬರೆದ ಕಥೆಗಳನ್ನು ಅವರು ಆರು ಗುಚ್ಛಗಳಾಗಿ ಜೋಡಿಸಿದರು. ಈ ಜೋಡಣೆ ಕಾಟಾಚಾರದ್ದಲ್ಲ. ಮೊದಲ ಕಥೆ ಒಂದು ಪುಟದಷ್ಟೇ ಇದೆ: ಯಾರೂ ತುಳಿಯದ ಹಿಮದಲ್ಲಿ ಒಬ್ಬ ಮುಂದೆ ನಡೆಯುತ್ತಾನೆ, ಹಿಂದಿನ ಐದಾರು ಮಂದಿ ಅವನ ಹೆಜ್ಜೆಯಲ್ಲೇ ಹೆಜ್ಜೆ ಇಡದೆ ಪಕ್ಕದ ಹಿಮವನ್ನು ತುಳಿಯಬೇಕು, ಆಗಲೇ ದಾರಿಯಾಗುತ್ತದೆ. ಇಡೀ ಸಂಗ್ರಹವನ್ನು ಹೇಗೆ ಓದಬೇಕೆಂದು ಲೇಖಕ ಹೇಳಿಕೊಡುವುದು ಇಲ್ಲಿಯೇ.

ಸೋವಿಯತ್ ಒಕ್ಕೂಟದಲ್ಲಿ ಅವರ ಕವನ ಸಂಕಲನಗಳು 1961ರಿಂದ ಒಂದೊಂದಾಗಿ ಹೊರಬಂದವು, ಗದ್ಯಕ್ಕೆ ಮಾತ್ರ ಬಾಗಿಲು ತೆರೆಯಲಿಲ್ಲ. 1965ರಲ್ಲಿ ಗ್ರಾಮೀಣ ಯುವಜನರ ಪತ್ರಿಕೆಯೊಂದು ಕೊಲಿಮಾದ ಒಂದು ಕಥೆಯನ್ನು ಪ್ರಕಟಿಸಿತು. ಅದು ಹಿಮ ಬೀಳುವ ಮುನ್ನ ನೆಲಕ್ಕೊರಗಿ ವಸಂತದ ಸುಳಿವಿಗೆ ಎದ್ದು ನಿಲ್ಲುವ, ಚಳಿಗಾಲದಲ್ಲೂ ಪಕ್ಕದಲ್ಲಿ ಬೆಂಕಿ ಹಾಕಿದರೆ ಮೋಸಹೋಗಿ ತಲೆಯೆತ್ತುವ ಕುಳ್ಳ ಪೈನ್ ಗಿಡದ ಕಥೆ. ಕೈದಿಗಳಿಗಿಂತ ಗಿಡದ ಕಥೆ ಅಪಾಯವಿಲ್ಲದ್ದು ಎಂದು ತೋರಿರಬೇಕು.

1966ರಲ್ಲಿ ಹಸ್ತಪ್ರತಿಯೊಂದು ಅಮೆರಿಕ ತಲುಪಿತು. ನ್ಯೂಯಾರ್ಕಿನ ರಷ್ಯನ್ ಪತ್ರಿಕೆಯೊಂದು ಸುಮಾರು ಹತ್ತು ವರ್ಷ ಕಥೆಗಳನ್ನು ಬಿಡಿಬಿಡಿಯಾಗಿ, ಲೇಖಕರ ಅನುಮತಿಯಿಲ್ಲದೆ, ಅಲ್ಲಲ್ಲಿ ತಿದ್ದಿ ಅಚ್ಚುಹಾಕಿತು. 1967ರ ಜರ್ಮನ್ ಆವೃತ್ತಿಯಲ್ಲಂತೂ ಅವರ ಹೆಸರು 'ಶಲಾನೊವ್' ಆಯಿತು, ಕಥೆಗಳು 'ಕೈದಿಯ ಟಿಪ್ಪಣಿಗಳು' ಆದವು. ಸದುದ್ದೇಶದಿಂದಲೇ ಆಗಿರಬಹುದು, ಆದರೆ ಪದಪದವನ್ನೂ ತೂಗಿ ಬರೆದವರಿಗೆ ಇದರಿಂದ ಕಲೆಗಾರನೆಂಬ ಪಟ್ಟ ತಪ್ಪಿ ಸಾಕ್ಷಿದಾರನ ಪಟ್ಟವಷ್ಟೇ ಉಳಿಯಿತು.

ಇದಾದ ಮೇಲೆ ಬಂದದ್ದು 1972ರ ಫೆಬ್ರವರಿಯಲ್ಲಿ ಸೋವಿಯತ್ ಸಾಹಿತ್ಯ ಪತ್ರಿಕೆ 'ಲಿತೆರತೂರ್ನಯಾ ಗಜೇತಾ' ಪ್ರಕಟಿಸಿದ ಪತ್ರ. ವಿದೇಶಿ ಪತ್ರಿಕೆಗಳನ್ನು ಕಟುವಾಗಿ ಖಂಡಿಸಿದ ಶಲಾಮೊವ್, ಕೊಲಿಮಾ ಕಥೆಗಳು ಎತ್ತಿದ ಸಮಸ್ಯೆಗಳನ್ನು ಬದುಕೇ ಎಂದೋ ಇಲ್ಲವಾಗಿಸಿದೆ ಎಂದೂ ಬರೆದರು. ಗೆಳೆಯರಾಗಿದ್ದವರಲ್ಲಿ ಹಲವರು ದೂರವಾದರು. ಪತ್ರ ಬೇರೆಯವರದು, ಸಹಿಯಷ್ಟೇ ಇವರದು ಎಂಬ ಮಾತೂ ಹುಟ್ಟಿತು. ತಮ್ಮಿಂದ ಯಾರೂ ಸಹಿ ಕಸಿದುಕೊಳ್ಳಲಾರರು, ಅದರ ಭಾಷೆಯೂ ಶೈಲಿಯೂ ತಮ್ಮವೇ ಎಂದು ಅವರು ಖಾಸಗಿ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದಾರೆ. ವಿದೇಶದಲ್ಲಿ ಕಥೆ ಅಚ್ಚಾದರೆ ಸ್ವದೇಶದಲ್ಲಿ ಕವನಕ್ಕೂ ಕುತ್ತು ಬರುತ್ತಿದ್ದ ದಿನಗಳವು. ಮರುವರ್ಷ ಲೇಖಕರ ಸಂಘದ ಸದಸ್ಯತ್ವ ಸಿಕ್ಕಿತು, ನಿಜ. ಆದರೆ ಪತ್ರ ಬರೆದ ವರ್ಷವೇ ಶಿಬಿರದ ನೆನಪುಗಳ 'ಕೈಗವಸು' ಕಥೆಯನ್ನೂ ಬರೆದಿದ್ದರು. ತಳ್ಳಿಹಾಕಿದವರು ಮಾಡುವ ಕೆಲಸ ಅದಲ್ಲ.

1979ರಲ್ಲಿ ವೃದ್ಧಾಶ್ರಮ ಸೇರಿದರು. 1982ರ ಜನವರಿಯಲ್ಲಿ ಅಲ್ಲಿಂದ ಮನೋರೋಗಿಗಳ ಆಶ್ರಯಕ್ಕೆ ಸಾಗಿಸಿದ ಕೆಲವೇ ದಿನಗಳಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಕಥೆಗಳು ತಾಯ್ನಾಡಿನಲ್ಲಿ ವ್ಯಾಪಕವಾಗಿ ಮುದ್ರಣ ಕಂಡದ್ದು 1987ರ ನಂತರ. ಇಂಗ್ಲಿಷಿನಲ್ಲಿ 1980ರ ಸುಮಾರಿಗೆ ಆಯ್ದ ಕಥೆಗಳಷ್ಟೇ ಬಂದಿದ್ದವು. ಆರೂ ಗುಚ್ಛಗಳು ಎರಡು ಸಂಪುಟಗಳಲ್ಲಿ ದೊರೆತದ್ದು 2018 ಮತ್ತು 2020ರಲ್ಲಿ.