ಉದ್ದರಿ ಅಕ್ಕಿ, ಮೂರು ಲಕ್ಷದ ಗೆರೆ

ಗಂಗಾವತಿಯಿಂದಲೋ ಕಾರಟಗಿಯಿಂದಲೋ ಉದ್ದರಿ ಮೇಲೆ ಹೋದ ಅಕ್ಕಿ ಲೋಡಿನ ದುಡ್ಡು ಬರದಿದ್ದರೆ ಮೊದಲು ದಲ್ಲಾಳಿಗೆ ಫೋನು, ಆಮೇಲೆ ವಕೀಲರ ನೋಟಿಸು, ಕೊನೆಗೆ ದಾವೆ. ಈ ಕೊನೆಯ ಮೆಟ್ಟಿಲು ಹತ್ತು ವರ್ಷಗಳಲ್ಲಿ ಗುರುತು ಸಿಗದಷ್ಟು ಬದಲಾಗಿದೆ.

ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವು, ಬಳ್ಳಾರಿ 1953ರವರೆಗೆ ಮದ್ರಾಸಿನೊಂದಿಗಿತ್ತು. 1956ರಿಂದ ಎಲ್ಲಕ್ಕೂ ಒಂದೇ ಹೈಕೋರ್ಟು. ಈಗ ಹೈಕೋರ್ಟಿನ ಕೆಲಸಕ್ಕೆ ರಾಯಚೂರಿನವರು ಕಲಬುರಗಿ ಪೀಠಕ್ಕೆ, ಕೊಪ್ಪಳ, ಬಳ್ಳಾರಿಯವರು ಧಾರವಾಡ ಪೀಠಕ್ಕೆ ಹೋಗುತ್ತಾರೆ. ಇಷ್ಟೆಲ್ಲ ಬದಲಾದರೂ ಬಾಕಿ ವಸೂಲಿ ದಾವೆಯ ನಡೆ ಮಾತ್ರ ಹಾಗೇ ಉಳಿದಿತ್ತು: ವಾಯಿದೆ ಮೇಲೆ ವಾಯಿದೆ.

2015ರಲ್ಲಿ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂತು. ಆಗ ಅದು 1 ಕೋಟಿ ರೂಪಾಯಿ ಮತ್ತು ಮೇಲ್ಪಟ್ಟ ವ್ಯಾಜ್ಯಗಳಿಗೆ ಮಾತ್ರ. ನಮ್ಮ ಕಡೆ ಹೆಚ್ಚಿನವರು ಅದರತ್ತ ನೋಡಲೂ ಇಲ್ಲ. 2018ರ ತಿದ್ದುಪಡಿ ಆ ಗೆರೆಯನ್ನು 3 ಲಕ್ಷಕ್ಕೆ ಇಳಿಸಿತು. ಕೆ.ಜಿ.ಗೆ 50 ರೂಪಾಯಿಯಂತೆ ಹಿಡಿದರೆ 3 ಲಕ್ಷ ಎಂದರೆ 60 ಕ್ವಿಂಟಲ್, ಅಂದರೆ 25 ಕೆ.ಜಿ.ಯ 240 ಚೀಲ. ಒಂದು ಲಾರಿಯೂ ತುಂಬದು. ದೊಡ್ಡ ಕಂಪನಿಗಳಿಗೆಂದು ಹೊಲಿದ ಅಂಗಿ ಹೀಗೆ ಚಿಲ್ಲರೆ ವರ್ತಕನ ಮೈಮೇಲೂ ಬಿತ್ತು.

ಅದೇ ತಿದ್ದುಪಡಿಯಲ್ಲಿ 12ಎ ಕಲಂ ಸೇರಿತು. ತುರ್ತು ಮಧ್ಯಂತರ ಪರಿಹಾರ ಬೇಕಿಲ್ಲದಿದ್ದರೆ ದಾವೆಗೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ ಹೋಗಲೇಬೇಕು. 3 ತಿಂಗಳ ಅವಧಿ, ಇಬ್ಬರೂ ಒಪ್ಪಿದರೆ ಇನ್ನೂ 2 ತಿಂಗಳು. ಎದುರಿನವರು ಬಾರದಿದ್ದರೆ ಮಧ್ಯಸ್ಥಿಕೆ ಶುರುವಾಗಲೇ ಇಲ್ಲವೆಂಬ ವರದಿ ಸಿಗುತ್ತದೆ, ಅದನ್ನೇ ವಾದಪತ್ರಕ್ಕೆ ಲಗತ್ತಿಸಬೇಕು. ಇದು ಕಡ್ಡಾಯವೋ ಅಲ್ಲವೋ ಎಂಬ ಗೊಂದಲ ನಾಲ್ಕು ವರ್ಷ ಎಳೆಯಿತು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಕಡ್ಡಾಯ ಎಂದಿತು. ಆ ತಿಂಗಳ 20ರಿಂದ ಈಚೆಗೆ, ಈ ಹಂತ ದಾಟದೆ ಹಾಕಿದ ದಾವೆಯಲ್ಲಿ ವಾದಪತ್ರವೇ ತಿರಸ್ಕೃತವಾಗುತ್ತದೆ. ಹೊಸದಾಗಿ ಹಾಕಬಹುದು, ನಿಜ. ಆದರೆ ಅಷ್ಟರಲ್ಲಿ ದಾವೆ ಹೂಡಲು ಇರುವ ಕಾಲಮಿತಿ ಮುಗಿದಿದ್ದರೆ ಹೊಸ ತಲೆನೋವು. ಮಧ್ಯಸ್ಥಿಕೆಯಲ್ಲಿ ಕಳೆದ ದಿನಗಳನ್ನು ಕಾಲಮಿತಿಯ ಲೆಕ್ಕದಿಂದ ಬಿಡುತ್ತಾರೆ, ತಿಳಿಯದೆ ಕಳೆದ ದಿನಗಳಿಗೆ ಆ ರಿಯಾಯಿತಿ ಇಲ್ಲ.

ಪ್ರತಿವಾದಿಯ ಪಾಡೂ ಸುಲಭವಲ್ಲ. ಸಮನ್ಸ್ ಮುಟ್ಟಿದ 30 ದಿನದೊಳಗೆ ಲಿಖಿತ ಹೇಳಿಕೆ ಕೊಡಬೇಕು. ಕಾರಣ ತೋರಿಸಿ, ಖರ್ಚು ಕಟ್ಟಿದರೆ ಹೆಚ್ಚೆಂದರೆ 120 ದಿನ. 121ನೇ ದಿನ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆ. 'ಅಕ್ಕಿಯಲ್ಲಿ ನುಚ್ಚು ಜಾಸ್ತಿ ಇತ್ತು, ಅದಕ್ಕೇ ದುಡ್ಡು ತಡೆದೆ' ಎನ್ನುವವನ ತಕರಾರು ಎಷ್ಟೇ ನಿಜವಿರಲಿ, ಕಡತದೊಳಗೆ ಬರುವುದಿಲ್ಲ. ವಾದಿಯೂ ತನ್ನ ಬಳಿಯ ಕಾಗದಗಳನ್ನೆಲ್ಲ ವಾದಪತ್ರದ ಜೊತೆಗೇ ಹಾಜರುಪಡಿಸಬೇಕು. ಬಿಲ್ಲು, ಲಾರಿ ರಸೀದಿ, ಇ-ವೇ ಬಿಲ್, ವೇಬ್ರಿಜ್ ಚೀಟಿ, ಖಾತೆ ಪುಸ್ತಕ ಎಲ್ಲವೂ ಮೊದಲ ದಿನವೇ ಬೇಕು. ವಾಟ್ಸ್ಆ್ಯಪ್ ಸಂದೇಶದ ಪ್ರಿಂಟ್ ಕೊಡುವುದಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರವೂ ಇರಬೇಕು. ಬಾಯಿಮಾತಿನ ನಂಬಿಕೆಯಲ್ಲಿ ನಡೆಯುವ ಪೇಟೆಗೆ ಈ ಬದಲಾವಣೆಯನ್ನು ಮೊದಲೇ ವಿವರಿಸಿ ಹೇಳಬೇಕಿತ್ತು.

ಇನ್ನೊಂದು ಹಳೆಯ ಕುಣಿಕೆ ಪಾಲುದಾರಿಕೆಯದು. 1932ರ ಕಾಯ್ದೆಯ 69ನೇ ಕಲಂ ಪ್ರಕಾರ, ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ ತನ್ನ ವ್ಯಾಪಾರದ ಕರಾರಿನ ಮೇಲೆ ಹೊರಗಿನವರ ವಿರುದ್ಧ ದಾವೆ ಹೂಡುವಂತಿಲ್ಲ. ದಾವೆ ಹಾಕಿದ ಮೇಲೆ ನೋಂದಣಿ ಮಾಡಿಸಿದರೂ ಆ ದಾವೆ ಉಳಿಯದು. ಜಿಎಸ್‌ಟಿ ನಂಬರು ಇದ್ದರೆ ಸಾಕೆಂಬುದು ತಪ್ಪು ತಿಳಿವಳಿಕೆ.

ಅತಿ ಹೆಚ್ಚು ದುಡ್ಡು ಮುಳುಗುವುದು ಕಾಲಮಿತಿಯಲ್ಲಿ. ಮಾರಿದ ಸರಕಿನ ಬೆಲೆಗೆ 3 ವರ್ಷ: ಉದ್ದರಿ ಗಡುವು ಗೊತ್ತುಮಾಡಿದ್ದರೆ ಅದು ತೀರಿದ ದಿನದಿಂದ, ಇಲ್ಲದಿದ್ದರೆ ಸರಕು ಒಪ್ಪಿಸಿದ ದಿನದಿಂದ. ಖಾತೆ ನಡೆಯುತ್ತಲೇ ಇದೆಯಲ್ಲ ಎಂದು ಸುಮ್ಮನಿರುವವರು ಬಹಳ. ಆದರೆ ಬರೀ ಅಕ್ಕಿ ಕಳಿಸಿ ದುಡ್ಡು ಪಡೆಯುವ ಖಾತೆ ಪರಸ್ಪರ ಖಾತೆಯಲ್ಲ, ಅಲ್ಲಿ ಒಂದೊಂದು ಬಿಲ್ಲಿಗೂ ಅದರದೇ ಗಡುವು. ನೀವು ಅಕ್ಕಿ ಮಾರಿ, ಅವರು ನಿಮಗೆ ಗೋಣಿಚೀಲ ಮಾರಿ, ಇಬ್ಬರಿಗೂ ಒಬ್ಬರಿಂದೊಬ್ಬರಿಗೆ ಬರಬೇಕಾದದ್ದಿದ್ದರೆ ಆ ಮಾತು ಬೇರೆ. ಮಾರ್ಚ್ ಕೊನೆಗೆ ಬಾಕಿ ಇಷ್ಟೆಂದು ಬರೆದ ಕಾಗದಕ್ಕೆ ಎದುರಿನವರ ಸಹಿ ಹಾಕಿಸಿಕೊಂಡರೆ ಆ ತಾರೀಕಿನಿಂದ ಮತ್ತೆ 3 ವರ್ಷ ಸಿಗುತ್ತದೆ. ಹಳೆಯ ಗಡುವು ಮುಗಿಯುವ ಮೊದಲೇ ಆ ಸಹಿ ಬಿದ್ದಿರಬೇಕು.